ಒಣಹವೆಯ ರಾತ್ರಿಗಳು

ಡಿಸೆಂಬರ್, ಜನವರಿಯಲ್ಲಿ ಬಾನುಲಿಯ ಹವಾಮಾನ ವರದಿಗೆ ಕಿವಿ ಕೊಡುವವರು ಕಡಿಮೆ. ಮಳೆಗಾಲದಲ್ಲಿ ರೇಡಿಯೊ ಪಕ್ಕದಿಂದ ಕದಲದ ರೈತರೂ ಈಗ ಅಷ್ಟು ಹೊತ್ತಿಗೆ ಎದ್ದು ದನಕ್ಕೆ ಮೇವು ಹಾಕಲು ಹೊರಟಿರುತ್ತಾರೆ. ಅವರದೇನೂ ತಪ್ಪಿಲ್ಲ. ದಿನಾ ಅದೇ ಮಾತು: ರಾಜ್ಯದ ಒಳನಾಡಿನಲ್ಲಿ ಒಣಹವೆ ಇರುತ್ತದೆ. ಇವತ್ತು ಕೇಳಿದರೂ ಅಷ್ಟೆ, ನಾಳೆ ಕೇಳಿದರೂ ಅಷ್ಟೆ.

ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಚಳಿಯ ಕಥೆಯೆಲ್ಲ ಆ ಒಂದೇ ಮಾತಿನ ಒಳಗಿದೆ. ಥಂಡಿ ಜೋರಾದಾಗ ಪತ್ರಿಕೆಗಳು ‘ಉತ್ತರದ ಶೀತಗಾಳಿ ದಕ್ಷಿಣಕ್ಕೆ ನುಗ್ಗಿತು’ ಎಂದು ಬರೆಯುತ್ತವೆ. ಅದು ಅರ್ಧ ನಿಜ. ಹಿಮಾಲಯದ ಬುಡದಿಂದ ಹೊರಟ ಗಾಳಿ ವಿಂಧ್ಯ ದಾಟಿ, ಮಹಾರಾಷ್ಟ್ರದ ಒಳನಾಡು ಹಾಯ್ದು ನಮ್ಮಲ್ಲಿಗೆ ಬರುವಷ್ಟರಲ್ಲಿ ಹಗಲು ಹಗಲು ಬಿಸಿಲು ಕಾಯ್ದು ತನ್ನ ತಂಪನ್ನು ಬಹುಪಾಲು ದಾರಿಯಲ್ಲೇ ಕಳೆದುಕೊಂಡಿರುತ್ತದೆ. ಅದು ಕಳೆದುಕೊಳ್ಳದೆ ಉಳಿಸಿಕೊಂಡು ಬರುವುದು ಒಣತನವನ್ನು ಮಾತ್ರ. ಆ ಒಣಗಾಳಿ ನಮ್ಮ ನೆಲದ ಮೇಲೆ ಬಂದು ಕೂತ ರಾತ್ರಿ ಚಳಿ ಹುಟ್ಟುವುದು ಇಲ್ಲೇ, ನಮ್ಮ ಹೊಲಗಳಲ್ಲೇ. ಅಂಥ ರಾತ್ರಿಗಳು ಮೂರಕ್ಕೆ ಮುಗಿಯುತ್ತವೋ ಹತ್ತಾಗುತ್ತವೋ ಎಂಬುದು ಮಾತ್ರ ಬಹಳ ದೂರದಲ್ಲಿ, ಕೆಲವೊಮ್ಮೆ ರಷ್ಯಾದ ಉರಲ್ ಬೆಟ್ಟಗಳ ಮೇಲೆ, ತೀರ್ಮಾನವಾಗುತ್ತದೆ. ಈ ಎರಡೂ ತುದಿಗಳ ಬಗ್ಗೆ ಇವತ್ತು ಮಾತಾಡೋಣ. ಮೊದಲು ನಮ್ಮ ಕಡೆಯ ತುದಿ.

ನೆಲ ಹಗಲೆಲ್ಲ ಬಿಸಿಲು ಕುಡಿಯುತ್ತದೆ, ಹಗಲೂ ರಾತ್ರಿಯೂ ಶಾಖವನ್ನು ಮೇಲಕ್ಕೆ ಬಿಡುತ್ತಲೇ ಇರುತ್ತದೆ. ಗಾಳಿಯಲ್ಲಿ ನೀರಾವಿ ಇದ್ದರೆ, ಮೇಲೆ ಮೋಡವಿದ್ದರೆ, ಆ ಶಾಖದ ದೊಡ್ಡ ಪಾಲು ತಿರುಗಿ ಕೆಳಕ್ಕೇ ಬರುತ್ತದೆ. ಮೋಡವಿಲ್ಲದೆ ಗಾಳಿಯೂ ಒಣಗಿದ್ದರೆ ಅದನ್ನು ಹಿಡಿಯುವವರೇ ಇಲ್ಲ. ಡಿಸೆಂಬರ್ 21ರ ಸುಮಾರಿಗೆ ನಮ್ಮ ಸೀಮೆಯ ರಾತ್ರಿ ಹತ್ತಿರ ಹತ್ತಿರ ಹನ್ನೆರಡೂಮುಕ್ಕಾಲು ಗಂಟೆಯಷ್ಟು ಉದ್ದ. ಅಷ್ಟು ಹೊತ್ತು ನೆಲ ಕಳೆದುಕೊಳ್ಳುತ್ತಲೇ ಹೋಗುತ್ತದೆ. ಮಧ್ಯಾಹ್ನ 29, 30 ಡಿಗ್ರಿ ಇದ್ದ ಊರು ಬೆಳಗಿನ ಜಾವ 12, 13ಕ್ಕೆ ಇಳಿಯುವುದು ಹೀಗೆ. ಎಲ್ಲಕ್ಕಿಂತ ಕೊರೆಯುವ ಹೊತ್ತು ನಡುರಾತ್ರಿಯಲ್ಲ, ಹೊತ್ತು ಮೂಡಿದ ಮೇಲಿನ ಅರ್ಧ ಗಂಟೆ. ಎಳೆಬಿಸಿಲು ಕೊಡುವುದಕ್ಕಿಂತ ನೆಲ ಕಳೆದುಕೊಳ್ಳುವುದೇ ಇನ್ನೂ ಹೆಚ್ಚಿರುತ್ತದೆ.

ತಂಪಾದ ಗಾಳಿ ಭಾರ. ಬೀಸುವ ಗಾಳಿ ಕಲಕದಿದ್ದರೆ ಅದು ನೆಲಕ್ಕೆ ಅಂಟಿಕೊಂಡು ಕೂರುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ. ಎತ್ತರಕ್ಕೆ ಹೋದಂತೆ ತಂಪಾಗಬೇಕಾದದ್ದು ಇಲ್ಲಿ ತಿರುಗುಮುರುಗು. ಇದನ್ನು ಕಣ್ಣಲ್ಲೇ ನೋಡಬಹುದು. ಜನವರಿಯಲ್ಲಿ ಬೆಳಗಿನ ಮೊದಲ ಬಸ್ಸಿಗೆ ಕೊಟ್ಟೂರಿಗೋ ಹರಪನಹಳ್ಳಿಗೋ ಹೊರಟವರು ಹಳ್ಳಿಗಳ ಕಡೆ ಕಣ್ಣು ಹಾಯಿಸಲಿ. ನೀರೊಲೆಗಳ ಹೊಗೆ ನೆಟ್ಟಗೆ ಮೇಲೇರುತ್ತದೆ, ತೆಂಗಿನ ಮರದ ತಲೆಯಷ್ಟು ಎತ್ತರದಲ್ಲಿ ತಟ್ಟನೆ ನಿಲ್ಲುತ್ತದೆ, ಅಲ್ಲಿಂದ ಅಡ್ಡಡ್ಡ ಹರಡಿ ಮನೆಗಳ ಮೇಲೆ ತೆಳ್ಳಗೆ ಮಲಗುತ್ತದೆ. ಹೊಗೆ ಎಲ್ಲಿ ಮಲಗಿತೋ ಬೆಚ್ಚಗಿನ ಪದರ ಅಲ್ಲಿಂದ ಶುರು. ಬಿಸಿಲೇರಿ ನೆಲ ಕಾದ ಮೇಲೆ ಆ ಹೊಗೆ ಚದುರುತ್ತದೆ. ಬಾನುಲಿಗೂ ಇದಕ್ಕೂ ಒಂದು ನಂಟಿದೆ: ಇಂಥ ಬೆಳಗುಗಳಲ್ಲಿ ಎಫ್‌ಎಂ ಅಲೆಗಳು ಆ ಪದರದ ಅಡಿಯಲ್ಲೇ ಬಾಗಿ ದೂರ ಸಾಗುತ್ತವೆ, ಯಾವತ್ತೂ ಸಿಗದ ಊರಿನ ನಿಲಯವೊಂದು ನಿಮ್ಮ ಪೆಟ್ಟಿಗೆಯಲ್ಲಿ ಮಾತಾಡಲು ಶುರು ಮಾಡಬಹುದು. ರೇಡಿಯೊ ಕೆಟ್ಟಿತೆಂದು ರಿಪೇರಿಗೆ ಒಯ್ಯಬೇಡಿ.

ತಂಪು ಭಾರವಾದದ್ದರಿಂದ ಇಳಿಜಾರು ಹಿಡಿದು ತಗ್ಗಿಗೆ ಸೇರುತ್ತದೆ. ಗುಡೇಕೋಟೆ ಕಡೆಯ ಬಂಡೆಗುಡ್ಡಗಳ ಮೇಲಿಂದ ಇಳಿದ ಗಾಳಿ ಹಳ್ಳದ ದಂಡೆಯ ಹೊಲಗಳಲ್ಲಿ ತುಂಬಿಕೊಳ್ಳುತ್ತದೆ. ಒಂದೇ ಊರಿನ ದಿಬ್ಬದ ಹೊಲಕ್ಕೂ ಹಳ್ಳದ ಹೊಲಕ್ಕೂ ಎರಡು ಮೂರು ಡಿಗ್ರಿ ವ್ಯತ್ಯಾಸ ಸಾಮಾನ್ಯ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ‘ತಗ್ಗಿನಾಗ ಥಂಡಿ ಕೂಡ್ತೈತಿ’ ಎಂದು ಅವರು ಹಟ್ಟಿ ಹಾಕುವುದು ಏರುಜಾಗ ನೋಡಿಯೇ, ಮರಿ ಹಾಕಿದ ಕುರಿಗಳಿದ್ದರಂತೂ ಇನ್ನೂ ಹುಷಾರು. ನೆಲದ ಗುಣವೂ ಉಂಟು. ಕೂಡ್ಲಿಗಿಯ ಒಣ ಮಸಾರಿ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಒಳಗಿನ ಬಿಸಿಯನ್ನು ಮೇಲಕ್ಕೆ ತರುವ ಶಕ್ತಿ ಅದಕ್ಕೆ ಕಡಿಮೆ. ಹಡಗಲಿ, ಹರಪನಹಳ್ಳಿಯ ತೇವವಿರುವ ಎರೆ ಹಗಲಿನ ಶಾಖವನ್ನು ಆಳಕ್ಕೆ ಇಳಿಸಿಕೊಂಡು ರಾತ್ರಿ ನಿಧಾನಕ್ಕೆ ಬಿಡುತ್ತದೆ. ಚಳಿ ಜೋರಾಗುವ ದಿನ ಸಂಜೆ ತೋಟಕ್ಕೆ, ಸಸಿಮಡಿಗೆ ತೆಳುವಾಗಿ ನೀರು ಹಾಯಿಸಿ ಎಂದು ಕೃಷಿ ಇಲಾಖೆಯವರು ಹೇಳುವುದು ಇದೇ ಕಾರಣಕ್ಕೆ.

ಇನ್ನು ಇಬ್ಬನಿ. ಗಾಳಿಯಲ್ಲಿರುವ ಆವಿ ಹನಿಯಾಗುವ ಉಷ್ಣತೆ ಒಂದಿರುತ್ತದೆ. ರಾತ್ರಿ ಅಷ್ಟಕ್ಕೆ ಇಳಿದಾಗ ಇಬ್ಬನಿ ಕಟ್ಟಲು ಶುರುವಾಗುತ್ತದೆ, ಹನಿ ಕಟ್ಟುವಾಗ ಆವಿ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ, ಚಳಿಯ ಇಳಿತ ಅಲ್ಲಿಗೆ ಮಂದವಾಗುತ್ತದೆ. ಆದ್ದರಿಂದ ನಸುಕಿನಲ್ಲಿ ಕಡಲೆ ಹೊಲಕ್ಕೆ ಹೋದವರ ಪಂಚೆ ತೊಯ್ದು ತೊಪ್ಪೆಯಾಯಿತೆಂದರೆ ಆ ರಾತ್ರಿ ಗಾಳಿಯಲ್ಲಿ ಇನ್ನೂ ಆವಿ ಇತ್ತು ಎಂದು ಅರ್ಥ. ಹಿಂದೆ ಕಡಲೆಯ ಮೇಲೆ ರಾತ್ರಿ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ, ಹುಳಿ ತೆಗೆದು ಸೀಸೆಯಲ್ಲಿ ಇಡುತ್ತಿದ್ದರು. ಹೊಟ್ಟೆನೋವಿಗೆ ಅದೇ ಮದ್ದು. ಕಡಲೆ ಎಲೆಯ ಸಣ್ಣ ರೋಮಗಳು ಒಸರುವ ಆಮ್ಲ ಇಬ್ಬನಿಯಲ್ಲಿ ಕರಗಿ ಆ ಹುಳಿಯಾಗುತ್ತದೆ. ಬಟ್ಟೆ ತೊಯ್ಯದ, ಕೈಕಾಲು ಮಾತ್ರ ಸೆಟೆಯುವ ಬೆಳಗೂ ಬರುತ್ತದೆ. ಇಬ್ಬನಿಯೂ ಕಟ್ಟದಷ್ಟು ಒಣಗಿದ ಗಾಳಿ ಅದು, ಅಂಥ ರಾತ್ರಿಯೇ ಎಲ್ಲಕ್ಕಿಂತ ಆಳಕ್ಕೆ ಇಳಿಯುವುದು. ಕರ್ನಾಟಕದ ಹಳೆಯ ದಾಖಲೆಗಳಲ್ಲಿ ಹೆಸರಾದ ಒಂದು ಬೆಳಗು 1884ರ ಜನವರಿ 13ರದು. ಅವತ್ತು ಬೆಂಗಳೂರಿನಲ್ಲಿ 7.8 ಡಿಗ್ರಿ. ಆ ಊರು ಅದಕ್ಕಿಂತ ಕೆಳಗೆ ಇದುವರೆಗೆ ಇಳಿದಿಲ್ಲ.

ಇಲ್ಲಿಯವರೆಗಿನದು ಒಂದು ರಾತ್ರಿಯ ಲೆಕ್ಕ. ಇಂಥ ರಾತ್ರಿಗಳು ಸಾಲಾಗಿ ಬರುವುದು ಹೇಗೆ? ಇದಕ್ಕೆ ನೆಲ ಬಿಟ್ಟು ಒಂಬತ್ತು ಹತ್ತು ಕಿಲೋಮೀಟರ್ ಮೇಲಕ್ಕೆ ಹೋಗಬೇಕು.

ಭೂಮಿಯ ನಡು ಅಕ್ಷಾಂಶಗಳ ಮೇಲೆ ಆ ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ವೇಗದ ಗಾಳಿ ಹರಿಯುತ್ತದೆ, ಜೆಟ್ ಗಾಳಿ ಎನ್ನುತ್ತಾರೆ. ಅದು ನೇರ ಹರಿಯುವುದಿಲ್ಲ. ಉತ್ತರಕ್ಕೆ ಉಬ್ಬಿ, ದಕ್ಷಿಣಕ್ಕೆ ತಗ್ಗಿ, ಅಲೆ ಅಲೆಯಾಗಿ ಸಾಗುತ್ತದೆ. ಸ್ವೀಡನ್ನಿನ ರಾಸ್ಬಿ 1939ರಲ್ಲಿ ಈ ಅಲೆಗಳ ಗಣಿತ ಬರೆದ, ಅವನ ಹೆಸರೇ ಅವಕ್ಕೆ ನಿಂತಿದೆ. ಸಾಮಾನ್ಯ ದಿನಗಳಲ್ಲಿ ಈ ಉಬ್ಬು ತಗ್ಗುಗಳು ಒಂದರ ಹಿಂದೆ ಒಂದು ಮೂಡಣಕ್ಕೆ ಸರಿಯುತ್ತವೆ. ಕೆಳಗಿರುವ ಊರುಗಳಿಗೆ ನಾಲ್ಕು ದಿನ ಚಳಿ, ನಾಲ್ಕು ದಿನ ಬಿಡುವು. ಒಮ್ಮೊಮ್ಮೆ ಒಂದು ಉಬ್ಬು ಬೆಳೆದು, ಮಡಚಿಕೊಂಡು, ಅಧಿಕ ಒತ್ತಡದ ದೊಡ್ಡ ಸುಳಿಯಾಗಿ ಅಲ್ಲೇ ಕೂತುಬಿಡುತ್ತದೆ. ಐದು ದಿನ, ಹತ್ತು ದಿನ, ಮೂರು ವಾರ ಕೂತದ್ದೂ ಉಂಟು. ಇದೇ ತಡೆ ಒತ್ತಡ. 1950ರಲ್ಲಿ ಡೇನಿಯಲ್ ರೆಕ್ಸ್ ಎಂಬ ಅಮೆರಿಕದ ಸಂಶೋಧಕ ‘ಟೆಲ್ಲಸ್’ ಪತ್ರಿಕೆಯಲ್ಲಿ ಇಂಥವನ್ನು ಗುರುತಿಸುವ ಕ್ರಮವನ್ನು ಬರೆದಿಟ್ಟ.

ಕೊಟ್ಟೂರಿನ ತೇರು ಬೀದಿಯ ನಡುವೆ ನಿಂತಿತೆಂದುಕೊಳ್ಳಿ. ಹಿಂದಿನಿಂದ ಬರುವ ಜನ ನಿಲ್ಲುವುದಿಲ್ಲ, ಎಡಬಲದ ಸಂದಿಗಳಿಗೆ ನುಗ್ಗುತ್ತಾರೆ. ಯಾವತ್ತೂ ಜನ ಕಾಣದ ಓಣಿಯಲ್ಲಿ ಕಾಲಿಡಲು ಜಾಗವಿಲ್ಲ, ತೇರಿನ ಮುಂದಿನ ಬೀದಿ ಖಾಲಿ. ತಡೆ ಒತ್ತಡ ಮಾಡುವುದು ಇದನ್ನೇ. ಜೆಟ್ ಗಾಳಿ ಅದನ್ನು ಬಳಸಿಕೊಂಡು ಬಡಗಣಕ್ಕೂ ತೆಂಕಣಕ್ಕೂ ಒಡೆದು ಹೋಗುತ್ತದೆ. ಬಿರುಗಾಳಿ, ಮಳೆ, ಹಿಮ ಎಲ್ಲವೂ ಹೊಸ ಓಣಿ ಹಿಡಿಯುತ್ತವೆ. ಉತ್ತರಾರ್ಧಗೋಳದಲ್ಲಿ ಅಧಿಕ ಒತ್ತಡದ ಸುತ್ತ ಗಾಳಿ ಗಡಿಯಾರದ ಮುಳ್ಳಿನಂತೆ ತಿರುಗುತ್ತದಷ್ಟೆ? ಹಾಗಾಗಿ ತಡೆಯ ಮೂಡಣ ಮಗ್ಗುಲಲ್ಲಿ ಧ್ರುವದ ಗಾಳಿ ಕೆಳಕ್ಕೆ ಇಳಿಯುತ್ತಲೇ ಇರುತ್ತದೆ, ಪಡುವಣ ಮಗ್ಗುಲಲ್ಲಿ ದಕ್ಷಿಣದ ಬೆಚ್ಚನೆ ಗಾಳಿ ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಒಂದೇ ತಡೆ ಒಬ್ಬರಿಗೆ ಹಿಮ, ಇನ್ನೊಬ್ಬರಿಗೆ ಬಿಸಿಲು.

ಬೇಸಿಗೆಯಲ್ಲಾದರೂ ಈ ಕಟ್ಟು ಅದೇ. 2010ರ ಜುಲೈಯಲ್ಲಿ ಪಶ್ಚಿಮ ರಷ್ಯಾದ ಮೇಲೆ ಕೂತ ತಡೆಯಿಂದ ಮಾಸ್ಕೋ 38 ಡಿಗ್ರಿ ದಾಟಿತು. ಅದೇ ತಡೆಯ ಮೂಡಣ ಮಗ್ಗುಲಿನ ಗಾಳಿ ಪಾಕಿಸ್ತಾನದ ಮೇಲೆ ಮುಂಗಾರಿನ ಮೋಡವನ್ನು ಕೆರಳಿಸಿ ಸಿಂಧೂ ನದಿಯ ಮಹಾಪೂರಕ್ಕೆ ಕೈಜೋಡಿಸಿತು. ಮಾಸ್ಕೋದ ಬಿಸಿಲಿಗೂ ಸಿಂಧೂ ಕಣಿವೆಯ ನೀರಿಗೂ ಒಂದೇ ಬೇರು.

ಚಳಿಗಾಲದಲ್ಲಿ ನಮಗೆ ಮುಖ್ಯವಾದದ್ದು ಉರಲ್ ಬೆಟ್ಟಗಳ ಮೇಲೆ, ಸುಮಾರು 60 ಡಿಗ್ರಿ ಉತ್ತರದಲ್ಲಿ ಕೂರುವ ತಡೆ. ಕೂಡ್ಲಿಗಿ ಇರುವುದು 15 ಡಿಗ್ರಿಯ ಹತ್ತಿರ. ನಡುವೆ ಅರ್ಧ ಏಷ್ಯಾ. ಉರಲ್ ತಡೆಯ ಮೂಡಣಕ್ಕೆ ಇಳಿದ ಧ್ರುವಗಾಳಿ ಸೈಬೀರಿಯಾ, ಮಂಗೋಲಿಯಾದ ನೆಲದ ಮೇಲೆ ಕೂಡಿಬೀಳುತ್ತದೆ. ನಮ್ಮ ಮಸಾರಿ ಹೊಲ ರಾತ್ರಿ ಮಾಡುವ ಕೆಲಸವನ್ನೇ ಆ ಹಿಮದ ಬಯಲು ತಿಂಗಳುಗಟ್ಟಲೆ ಮಾಡುತ್ತದೆ, ಶಾಖವನ್ನು ಆಕಾಶಕ್ಕೆ ಬಿಡುತ್ತ ಗಾಳಿಯನ್ನು ಭಾರ ಮಾಡುತ್ತದೆ. 1968ರ ಡಿಸೆಂಬರ್ 31ರಂದು ಅಲ್ಲಿನ ಅಗಾಟಾ ಎಂಬಲ್ಲಿ ಗಾಳಿಯ ಒತ್ತಡ 1083 ಮಿಲಿಬಾರ್ ದಾಟಿತ್ತು. ನಮ್ಮ ಕಡೆ ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದರೆ ಚಳಿಗಾಲದಲ್ಲಿ ಕಾಣುವುದು 1015ರ ಆಸುಪಾಸು.

ಈ ಭಾರ ಒಮ್ಮೆ ಕಟ್ಟೆಯೊಡೆದರೆ ಮೂಡಣಕ್ಕೆ, ಚೀನಾದ ಮೇಲೆ ಸುರಿಯುತ್ತದೆ. 2016ರ ಜನವರಿ 24ರಂದು ಹಾಂಗ್‌ಕಾಂಗ್‌ನಲ್ಲಿ 3.1 ಡಿಗ್ರಿ, ಅಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ಕಾಣದಿದ್ದ ಚಳಿ. ಹಾಂಗ್‌ಕಾಂಗ್ ಇರುವುದು ನಮ್ಮ ನಾಗಪುರಕ್ಕಿಂತ ತುಸು ಮೇಲೆ, ಅಷ್ಟೆ. ನಮಗೆ ಆ ಗತಿ ಬಾರದಿರಲು ಕಾರಣ ಹಿಮಾಲಯ, ಟಿಬೆಟ್. ಭಾರವಾದ ತಂಪುಗಾಳಿ ಅಷ್ಟು ಎತ್ತರ ಏರಲಾರದು. ನಮ್ಮ ಪಾಲಿಗೆ ಬರುವುದು ಗೋಡೆಯ ಪಡುವಣ ತುದಿಯನ್ನು ಬಳಸಿ, ಮಧ್ಯ ಏಷ್ಯಾ, ಇರಾನ್, ಆಫ್ಘಾನಿಸ್ತಾನದ ಮೇಲೆ ನುಸುಳಿ ಬಂದ ಗಾಳಿ ಮಾತ್ರ. ಅಷ್ಟು ದೂರದಿಂದ ಸಲೀಸಾಗಿ ಬರುವವರು ಹಕ್ಕಿಗಳಷ್ಟೇ. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆಗೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್‌ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಮಧ್ಯ ಏಷ್ಯಾದಿಂದ ಹಿಂಡುಗಟ್ಟಿ ಬರುವ ಗುಲಾಬಿ ಕಬ್ಬಕ್ಕಿಗಳು ಚಳಿಗಾಲ ಕಳೆಯಲು ಅಲ್ಲಿಗೆ ಇಳಿಯುತ್ತವೆ. ನಮ್ಮ ಜನ ಅವನ್ನು ಕೆರೆಯ ಮೇಲೆ ನೋಡಿ ಮೆಚ್ಚುತ್ತಾರೆ, ಜೋಳದ ತೆನೆಯ ಮೇಲೆ ನೋಡಿ ಕವಣೆ ಹುಡುಕುತ್ತಾರೆ.

ಆ ನುಸುಳುವ ಗಾಳಿಗೆ ದಾರಿ ಮಾಡಿಕೊಡುವುದು ಪಶ್ಚಿಮದ ಅವಾಂತರಗಳು, ಅಂದರೆ ಮೆಡಿಟರೇನಿಯನ್ ಕಡೆಯಿಂದ ಜೆಟ್ ಗಾಳಿಯ ಬೆನ್ನೇರಿ ಬರುವ ಸಣ್ಣ ವಾಯುಭಾರ ಕುಸಿತಗಳು. ಚಳಿಗಾಲದಲ್ಲಿ ತಿಂಗಳಿಗೆ ನಾಲ್ಕಾರು ಬರುತ್ತವೆ. ಕಾಶ್ಮೀರಕ್ಕೆ ಹಿಮ, ಪಂಜಾಬಿನ ಗೋಧಿಗೆ ಮಳೆ ಅವುಗಳ ಕೊಡುಗೆ. ಒಂದು ದಾಟಿ ಹೋದ ಬೆನ್ನಿಗೆ ಬಡಗಣ ಪಡುವಣದ ಒಣಗಾಳಿ ನುಗ್ಗುತ್ತದೆ, ಮಧ್ಯಭಾರತದ ಮೇಲೆ ಅಧಿಕ ಒತ್ತಡ ಕಟ್ಟುತ್ತದೆ, ಅದರ ದಕ್ಷಿಣದ ಅಂಚಿನ ಮೂಡಣಗಾಳಿ ದಖ್ಖನ್ನಿಗೆ ಇಳಿಯುತ್ತದೆ. ಮೇಲೆ ತಡೆಯಿಲ್ಲದಿದ್ದರೆ ಮುಂದಿನ ಅವಾಂತರ ಬಂದು ಇದನ್ನೆಲ್ಲ ಕಲಕುತ್ತದೆ, ಎರಡು ಮೂರು ರಾತ್ರಿಗೆ ಚಳಿ ಸಡಿಲ. ತಡೆ ಕೂತಿದ್ದರೆ ಸಾಲು ತಪ್ಪುತ್ತದೆ. ಅವಾಂತರಗಳು ಬೇರೆ ಓಣಿ ಹಿಡಿಯಬಹುದು, ಇಲ್ಲವೇ ಒಂದರ ಹಿಂದೆ ಒಂದು ಅದೇ ಜಾಗಕ್ಕೆ ಬಂದು ಪ್ರತಿ ಸಲವೂ ಹಿಂದಿನಿಂದ ಹೊಸ ಒಣಗಾಳಿ ತಳ್ಳಬಹುದು. ಎರಡನೆಯದಾದಾಗ ನಮ್ಮ ‘ಒಣಹವೆ’ ಹತ್ತು ದಿನಕ್ಕೆ ಎಳೆಯುತ್ತದೆ. ತಡೆ ಉರಲ್ ಮೇಲೆಯೇ ಕೂರಬೇಕೆಂದಿಲ್ಲ. ಅಟ್ಲಾಂಟಿಕ್ ಮೇಲೆ ಕೂತರೂ ಅಲೆಗಳ ಸಾಲು ಕೆಲವೇ ದಿನಗಳಲ್ಲಿ ಇಲ್ಲಿಯವರೆಗೆ ಅಲುಗುತ್ತದೆ.

ಅಟ್ಲಾಂಟಿಕ್ ಎಂದೊಡನೆ ಒಬ್ಬರ ನೆನಪು. ಗಿಲ್ಬರ್ಟ್ ವಾಕರ್ 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರು. ಓದಿದ್ದು ಗಣಿತ, ಹೊತ್ತುಕೊಂಡ ಕೆಲಸ ಮುಂಗಾರು ಮುನ್ಸೂಚನೆ. ಬರಗಾಲ ಕಂಡ ಈ ನೆಲಕ್ಕೆ ಮಳೆಯ ಸುಳಿವು ಹುಡುಕಲು ಲೋಕದ ಮೂಲೆ ಮೂಲೆಯ ಒತ್ತಡದ ಅಂಕಿಗಳನ್ನು ಗುಮಾಸ್ತರಿಂದ ಕೂಡಿಸಿ ಕಳೆಯಿಸಿ ನೋಡಿದರು. ಸಿಕ್ಕಿದ್ದು ಹುಡುಕಿದ್ದಕ್ಕಿಂತ ದೊಡ್ಡದು: ದೂರದ ಎರಡು ಕಡೆಗಳ ಒತ್ತಡ ತಕ್ಕಡಿಯಂತೆ ಏರಿಳಿಯುವ ತೂಗಾಟಗಳು. ಎಲ್‌ನಿನೊ ಜೊತೆಗೆ ಈಗ ಎಲ್ಲರೂ ಹೇಳುವ ದಕ್ಷಿಣದ ತೂಗಾಟ ಒಂದು, ಉತ್ತರ ಅಟ್ಲಾಂಟಿಕ್ ತೂಗಾಟ ಇನ್ನೊಂದು. ಗ್ರೀನ್‌ಲ್ಯಾಂಡ್ ಮೇಲೆ ತಡೆ ಕೂತಿದೆಯೇ ಇಲ್ಲವೇ ಎಂದು ಯುರೋಪಿನ ಹವಾಮಾನಿಗರು ಇವತ್ತಿಗೂ ನೋಡುವ ಅಂಕಿ ಈ ಎರಡನೆಯದು. ಯುರೋಪಿನ ಚಳಿಯ ಕೀಲಿ ಭಾರತದ ಮಳೆ ಹುಡುಕುವಾಗ ಸಿಕ್ಕಿತು ಎಂಬುದು ನನಗೆ ಬಲು ಇಷ್ಟದ ಸಂಗತಿ.

ಈಗ ಮುನ್ಸೂಚನೆಯ ಮಾತಿಗೆ ಬರೋಣ. ತಡೆ ಒಮ್ಮೆ ಕೂತ ಮೇಲೆ ಹವಾಮಾನ ಹೇಳುವುದು ಸುಲಭ. ನಾಳೆಯೂ ಇವತ್ತಿನಂತೆಯೇ ಎಂದರೆ ಬಹುತೇಕ ಸರಿಹೋಗುತ್ತದೆ. ಕಷ್ಟವಿರುವುದು ಎರಡು ಕೊನೆಗಳಲ್ಲಿ. ಯಾವ ಉಬ್ಬು ತಡೆಯಾಗುತ್ತದೆ, ಯಾವುದು ಸುಮ್ಮನೆ ದಾಟಿಹೋಗುತ್ತದೆ ಎಂಬುದು ಮೊದಲನೆಯ ಕಷ್ಟ. ಗಣಕಮಾದರಿಗಳು ಬಹಳ ಕಾಲ ತಡೆಗಳನ್ನು ನಿಜಕ್ಕಿಂತ ಕಡಿಮೆ ಎಣಿಸುತ್ತಿದ್ದವು, ಈಗಲೂ ಆ ಚಾಳಿ ಪೂರ್ತಿ ಬಿಟ್ಟಿಲ್ಲ. ಎರಡನೆಯದು ಅದಕ್ಕಿಂತ ದೊಡ್ಡ ಕಷ್ಟ: ಕೂತದ್ದು ಏಳುವುದು ಯಾವಾಗ? ತಡೆಯನ್ನು ಎಬ್ಬಿಸುವುದೂ ಉಳಿಸುವುದೂ ಅದರ ಅಂಚಿಗೆ ಬಂದು ತಾಗುವ ಸಣ್ಣ ಸಣ್ಣ ಸುಳಿಗಳೇ. ಒಂದು ಸುಳಿಯ ಲೆಕ್ಕ ನೂರು ಮೈಲಿ ತಪ್ಪಿದರೆ ವಾರದ ಮುನ್ಸೂಚನೆ ತಲೆಕೆಳಗು.

ಅದಕ್ಕೇ ಈಗ ಒಂದೇ ಲೆಕ್ಕ ಹಾಕಿ ನಂಬಿ ಕೂರುವುದಿಲ್ಲ. ಯುರೋಪಿನ ಮುನ್ಸೂಚನಾ ಕೇಂದ್ರ ಆರಂಭದ ಅಂಕಿಗಳನ್ನು ಚೂರು ಚೂರು ಬದಲಿಸಿ ಒಂದೇ ದಿನಕ್ಕೆ 51 ಲೆಕ್ಕ ಹಾಕುತ್ತದೆ. ಐವತ್ತೊಂದೂ ಒಂದೇ ಮಾತು ಹೇಳಿದರೆ ಭರವಸೆ. ಇಪ್ಪತ್ತು ತಡೆ ಉಳಿಯುತ್ತದೆಂದು, ಮೂವತ್ತೊಂದು ಒಡೆಯುತ್ತದೆಂದು ಹೇಳಿದರೆ ಮುನ್ಸೂಚಕರಿಗೆ ತಲೆಬಿಸಿ. ನಮ್ಮ ಭಾರತೀಯ ಹವಾಮಾನ ಇಲಾಖೆಯೂ ಇಂಥ ಗುಂಪುಲೆಕ್ಕದ ಮೇಲೆಯೇ ಪ್ರತಿ ಗುರುವಾರ ಮುಂದಿನ ವಾರಗಳ ವಿಸ್ತೃತ ಮುನ್ಸೂಚನೆ ಕೊಡುತ್ತದೆ. ಅದರ ಮೊದಲ ವಾರ ಗಟ್ಟಿ, ಎರಡನೆಯ ವಾರ ದಿಕ್ಸೂಚಿ ಮಾತ್ರ. ಮೂರನೆಯ ವಾರದ ಮಾತನ್ನು ನಂಬಿ ಯಾರೂ ಮದುವೆ ಇಟ್ಟುಕೊಳ್ಳಬಾರದು.

ನಮ್ಮ ಸೀಮೆಗೆ ಇನ್ನೊಂದು ಮುನ್ಸೂಚನೆಯೂ ಉಂಟು: ಮೈಲಾರದಲ್ಲಿ ಭಾರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಕಾರ್ಣಿಕ. ಲಕ್ಷಾಂತರ ಜನ, ಬಂಡಿಗಳು, ಹೊಳೆ ದಂಡೆಯ ರಾತ್ರಿ ಚಳಿ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದಾಗ ಅಷ್ಟೂ ಜನ ಗಪ್‌ಚುಪ್, ಆಮೇಲೆ ಒಂದೇ ಸಾಲು. ಅದರ ಅರ್ಥವನ್ನು ನಾವು ವರ್ಷವಿಡೀ ಕಟ್ಟೆಯ ಮೇಲೆ ಕೂತು ಬಿಡಿಸುತ್ತೇವೆ. ಮಳೆ ಹೆಚ್ಚಾದರೂ ಹೊಂದುತ್ತದೆ, ಕಡಿಮೆಯಾದರೂ ಹೊಂದುತ್ತದೆ. ಹವಾಮಾನ ಇಲಾಖೆಗೆ ಆ ಸೌಕರ್ಯವಿಲ್ಲ. ಇವತ್ತು 11 ಡಿಗ್ರಿ ಎಂದರೆ ನಾಳೆ ಬೆಳಗ್ಗೆಯೇ ಪರೀಕ್ಷೆ. ಅವರನ್ನು ಬೈಯುವಾಗ ಇದೊಂದು ನೆನಪಿರಲಿ.

ಇಲಾಖೆ ಹೇಳುವ ಅಂಕಿ ಯಾವುದರದು ಎಂಬುದೂ ಗೊತ್ತಿರಬೇಕು. ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯ ಒಳಗಿನ ಉಷ್ಣತೆ ಅದು. ಗಾಳಿಯಿಲ್ಲದ ರಾತ್ರಿ ನಿಮ್ಮ ಟೊಮೆಟೊ ಸಸಿಯ ಎಲೆ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ತಣ್ಣಗಿರುತ್ತದೆ. ಇನ್ನು ‘ಶೀತಗಾಳಿ’ ಎಂಬ ಎಚ್ಚರಿಕೆಗೆ ಬಯಲುನಾಡಿನಲ್ಲಿ ಎರಡು ಷರತ್ತು: ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ತಗ್ಗಿರಬೇಕು. 6.5 ಡಿಗ್ರಿ ತಗ್ಗಿದರೆ ತೀವ್ರ. ಜನವರಿಯಲ್ಲಿ ನಮ್ಮ ವಾಡಿಕೆ 15ರಿಂದ 17ರ ನಡುವೆ. ಬೀದರ್, ವಿಜಯಪುರದ ಕಡೆ ಈ ಷರತ್ತು ಆಗಾಗ ತುಂಬುತ್ತದೆ, ನಮ್ಮ ವಿಜಯನಗರ ಜಿಲ್ಲೆಯಲ್ಲಿ ಅಪರೂಪ. ಹಾಗಾಗಿ ಹಳದಿ ಎಚ್ಚರಿಕೆಯ ಪಟ್ಟಿಯಲ್ಲಿ ವಿಜಯನಗರದ ಹೆಸರು ಕಾಣಲಿಲ್ಲವೆಂದು ಕುರಿ ಹಟ್ಟಿಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಕೂತವನಿಗೆ ಚಳಿಯಿಲ್ಲ ಎಂದಲ್ಲ. 12 ಡಿಗ್ರಿಯ ಒಂದು ರಾತ್ರಿ ಬೇರೆ, ಸಾಲಾಗಿ ಎಂಟು ರಾತ್ರಿ ಬೇರೆ. ಎಳೆಮರಿಗೆ, ದಮ್ಮಿನ ಕಾಯಿಲೆಯ ಮುದುಕರಿಗೆ ಕಷ್ಟ ಕೊಡುವುದು ಆ ಸಾಲು. ಎಷ್ಟು ಇಳಿಯುತ್ತದೆ ಎನ್ನುವುದಕ್ಕಿಂತ ಎಷ್ಟು ದಿನ ಎನ್ನುವುದೇ ನಮಗೆ ಮುಖ್ಯ. ದುರದೃಷ್ಟಕ್ಕೆ ಮುನ್ಸೂಚನೆಯಲ್ಲಿ ತೀರ ಮೆತ್ತಗಿರುವ ಭಾಗವೂ ಅದೇ.

ಆದರೆ ನಮ್ಮ ಸೀಮೆಗೆ ಒಂದು ಅನುಕೂಲವಿದೆ. ಉರಲ್ ತಡೆ ಏಳುವವರೆಗೆ ನಾವು ಕಾಯಬೇಕಾಗಿಲ್ಲ, ಬಂಗಾಳ ಕೊಲ್ಲಿ ಒಂದೇ ಸಂಜೆಯಲ್ಲಿ ಚಳಿ ಮುರಿಯಬಲ್ಲದು. ಮೂಡಣದಿಂದ ಒದ್ದೆಗಾಳಿ ಬಂದು ಮೋಡ ಮುಚ್ಚಿದರೆ ರಾತ್ರಿ ತಟ್ಟನೆ ನಾಲ್ಕೈದು ಡಿಗ್ರಿ ಮೇಲೇರುತ್ತದೆ. ಜನಕ್ಕೆ ಗೊಂದಲವಾಗುವುದೂ ಇಲ್ಲೇ. 2022ರ ಡಿಸೆಂಬರ್‌ನಲ್ಲಿ ಮಾಂಡೂಸ್ ಚಂಡಮಾರುತ ಮಹಾಬಲಿಪುರದ ಹತ್ತಿರ ದಡ ಸೇರಿದಾಗ ಬೆಂಗಳೂರಿನವರು ಹಗಲೆಲ್ಲ ನಡುಗಿದರು. ಅದು ಬಿಸಿಲಿಲ್ಲದ ಹಗಲಿನ ಥಂಡಿ, ಒಣರಾತ್ರಿಯ ಚಳಿಯಲ್ಲ. 2019ರ ಡಿಸೆಂಬರ್‌ನಲ್ಲಿ ದೆಹಲಿ 1901ರಿಂದೀಚೆಗೆ ಕಂಡ ಎರಡನೆಯ ಅತಿ ತಂಪಿನ ಡಿಸೆಂಬರ್ ಅನುಭವಿಸಿದ್ದೂ ಮಂಜು ಕವಿದ ಹಗಲುಗಳಿಂದ. ಕಡಲೆಗೆ ಇವೆರಡರ ವ್ಯತ್ಯಾಸ ಚೆನ್ನಾಗಿ ಗೊತ್ತು. ಒಣಚಳಿ ಬಿದ್ದರೆ ಅದು ಹೂ ಕಟ್ಟಿ ಕಾಯಿ ಹಿಡಿದು ಸುಲಗಾಯಿ ತುಂಬಿಕೊಳ್ಳುತ್ತದೆ. ಮೋಡದ ಥಂಡಿ ಬಿದ್ದರೆ ಕಾಯಿಕೊರಕ ಹುಳು ಏಳುತ್ತದೆ. ಹಡಗಲಿಯ ಮಲ್ಲಿಗೆಗೆ ಮಾತ್ರ ಯಾವ ಚಳಿಯೂ ಬೇಡ. ಈ ತಿಂಗಳುಗಳಲ್ಲಿ ಮೊಗ್ಗು ಕಡಿಮೆ, ದರ ಮಾತ್ರ ಮುಟ್ಟುವ ಹಾಗಿರುವುದಿಲ್ಲ.

ಹಾಗಾದರೆ ವರದಿ ಕೇಳುವುದು ಹೇಗೆ? ‘ಒಣಹವೆ ಮುಂದುವರಿಯುತ್ತದೆ’ ಎಂಬ ಮಾತು ಬಂದಾಗ, ಎಷ್ಟು ದಿನದವರೆಗೆ ಎಂದು ಕಿವಿಗೊಡಿ. ಬಂಗಾಳ ಕೊಲ್ಲಿಯ ಸುದ್ದಿ ಏನಾದರೂ ಇದೆಯೇ ನೋಡಿ. ಮಂಗಳವಾರ, ಶುಕ್ರವಾರ ಕೃಷಿ ಹವಾಮಾನ ಸಲಹೆ ಬರುತ್ತದೆ, ಫೋನಿನಲ್ಲಿ ಮೇಘದೂತ ಆ್ಯಪ್ ಇದ್ದರೆ ಕನ್ನಡದಲ್ಲೇ ಓದಬಹುದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೆ ಮಳೆಗಾಲದಲ್ಲಿ ಮಾತ್ರ ಫೋನ್ ಮಾಡಬೇಕೆಂಬ ನಿಯಮವೇನಿಲ್ಲ. ನಿಮ್ಮ ಹೋಬಳಿಯ ರಾತ್ರಿ ಉಷ್ಣತೆ ಕೇಳಿ, ತಗ್ಗಿನ ಹೊಲವಾದರೆ ಅದರಲ್ಲಿ ಎರಡು ಡಿಗ್ರಿ ನೀವೇ ಕಳೆಯಿರಿ. ಇನ್ನೊಂದು ಮಾತು, ಇದು ಹವಾಮಾನದ್ದಲ್ಲ, ಜೀವದ್ದು: ಕದ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಬುಟ್ಟಿ ಇಟ್ಟುಕೊಂಡು ಮಲಗಬೇಡಿ. ಇದ್ದಿಲಿನ ವಿಷಗಾಳಿಗೆ ವಾಸನೆಯಿಲ್ಲ.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎಂಬ ಮಾತನ್ನು ಲೆಕ್ಕ ಹಾಕಿ ನೋಡಿದ್ದೇನೆ, ಒಪ್ಪುತ್ತದೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ಮಧ್ಯಾಹ್ನದ ಸೂರ್ಯ ದಿಗಂತದಿಂದ 52 ಡಿಗ್ರಿ ಎತ್ತರದಲ್ಲಿದ್ದರೆ ಫೆಬ್ರವರಿ ಕೊನೆಗೆ 67 ಡಿಗ್ರಿ ಏರಿರುತ್ತಾನೆ, ರಾತ್ರಿಯೂ ಅರ್ಧ ಗಂಟೆ ಮೊಟಕಾಗಿರುತ್ತದೆ. ಅಷ್ಟು ಹೊತ್ತಿಗೆ ಉರಲ್ ಮೇಲೆ ಎಂಥ ತಡೆ ಕೂತರೂ ನಮ್ಮ ನೆಲ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಆದರೆ ಕೊಟ್ಟೂರೇಶ್ವರನ ತೇರು ಎಳೆಯುವುದು ಶಿವರಾತ್ರಿಗೆ ನಾಲ್ಕಾರು ದಿನ ಮೊದಲೇ. ದಾವಣಗೆರೆ ಕಡೆಯಿಂದ ಇರುಳೆಲ್ಲ ನಡೆದು ಬರುವವರು ಆ ಲೆಕ್ಕ ನಂಬಿ ಶಾಲು ಬಿಟ್ಟು ಬರಬೇಡಿ. ನಡೆಯುವಾಗ ಗೊತ್ತಾಗುವುದಿಲ್ಲ, ಬೆಳಗಿನ ಜಾವ ಹಳ್ಳದ ಸೇತುವೆಯ ಮೇಲೆ ಕೂತು ದಣಿವಾರಿಸಿಕೊಳ್ಳುವಾಗ ಗೊತ್ತಾಗುತ್ತದೆ.